ಬಾಣಲೆಗಳಿದ್ದ ಓವನ್ನಿನಲ್ಲಿ ಸೇಬಿನ ಪುಡ್ಡಿಂಗು

ಕೆಲವರ ಮನೆಯಲ್ಲಿ ಪದೇ ಪದೇ ಹಾಲು ಉಕ್ಕುತ್ತದೆ, ಕೆಲವರ ಮನೆಯಲ್ಲಿ ನಲ್ಲಿ ಸೋರುತ್ತದೆ. ನಮ್ಮ ಮನೆಯಲ್ಲಿ ನಾನು ಸೇಬಿನ ಪುಡ್ಡಿಂಗು ಮಾಡಲು ನಿಂತ ಭಾನುವಾರವೆಲ್ಲ ಏನಾದರೊಂದು ಆಗುತ್ತದೆ. ನನ್ನ ತಪ್ಪೇನೂ ಇರುವುದಿಲ್ಲ. ಆದರೂ ಆಗುತ್ತದೆ.

ನಾನು ನೈರೋಬಿಯ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮ್ಯಾನೇಜರು. ಮಾತ್ರೆ ಸರಿಯಾಗಿದೆಯೇ ಎಂದು ನೋಡುವುದು, ಸರಿಯಿಲ್ಲದಿದ್ದರೆ ಗೇಟು ದಾಟದಂತೆ ತಡೆಯುವುದು ನನ್ನ ಕೆಲಸ. ಕಾರ್ಖಾನೆಯಲ್ಲಿ ನನ್ನನ್ನು ಕಂಡರೆ ಯಾರಿಗೂ ಅಷ್ಟಕ್ಕಷ್ಟೇ, ಆದರೆ ಎಲ್ಲರೂ ನನ್ನ ಮಾತು ಕೇಳುತ್ತಾರೆ. ಮನೆಯಲ್ಲಿ ಇದು ಉಲ್ಟಾ. ಹೆಂಡತಿಗೂ ಮಗಳಿಗೂ ನನ್ನ ಮೇಲೆ ಪ್ರೀತಿಗೇನೂ ಕಡಿಮೆಯಿಲ್ಲ, ಮಾತು ಮಾತ್ರ ಯಾರೂ ಕೇಳುವುದಿಲ್ಲ.

ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಫ್ಲ್ಯಾಟಿನ ಮೇಲಿನ ಮನೆಯಲ್ಲಿ ಒಬ್ಬ ಗುಜರಾತಿ ಅಜ್ಜಿ ಇದ್ದಾರೆ. ಇಲ್ಲೇ ಹುಟ್ಟಿದವರು. ಇಡೀ ಕಟ್ಟಡ ಅವರನ್ನು ಬಾ ಎನ್ನುತ್ತದೆ, ಅಂದರೆ ಅವರ ಭಾಷೆಯಲ್ಲಿ ಅಮ್ಮ. ಒಂದು ಸಂಜೆ ಬಾ ಒಂದು ಬಟ್ಟಲು ಕಳಿಸಿದರು. ಸೇಬು, ಅದರ ಮೇಲೆ ಕೆಂಪಗೆ ಗರಿಗರಿಯಾದ ಏನೋ, ಅದರ ಮೇಲೆ ಮತ್ತೆ ಸೇಬು. ಬೆಣ್ಣೆಯ ಘಮ, ಚಕ್ಕೆಯ ಘಮ. ನಾನು ನಿಂತಲ್ಲೇ ಬಟ್ಟಲು ಖಾಲಿ ಮಾಡಿದೆ. ಬರೀ ಬಟ್ಟಲು ವಾಪಸು ಕೊಡಬಾರದೆಂದು ಹೆಂಡತಿ ಅದರಲ್ಲಿ ಕೋಡುಬಳೆ ತುಂಬಿ ನನ್ನನ್ನೇ ಮೇಲೆ ಅಟ್ಟಿದಳು. ಬಾ ಜೊತೆ ನನ್ನ ಮಾತೆಲ್ಲ ಹಿಂದಿಯಲ್ಲಿ. ಮಾಡುವುದು ಹೇಗೆ ಎಂದು ಕೇಳಿದೆ.

"ಅದರಲ್ಲೇನಿದೆ ಬೇಟಾ? ಒಣಗಿದ ಬ್ರೆಡ್ ಪುಡಿ ಮಾಡಿ ಬೆಣ್ಣೆಯಲ್ಲಿ ಹುರಿ. ಸೇಬು ಹೆಚ್ಚು. ಒಂದು ಪದರ ಅದು, ಒಂದು ಪದರ ಇದು. ನಡುನಡುವೆ ಸಕ್ಕರೆ, ಚಕ್ಕೆ ಪುಡಿ. ಕೆಂಪಗಾಗುವ ತನಕ ಬೇಯಿಸು."

"ಎಷ್ಟು ಡಿಗ್ರಿಯಲ್ಲಿ?"

"ಕೆಂಪಗಾಗುವ ತನಕ."

"ಎಷ್ಟು ಹೊತ್ತು?"

"ಹೇಳಿದೆನಲ್ಲ, ಕೆಂಪಗಾಗುವ ತನಕ."

ಇಂಥ ವಿಧಾನವನ್ನು ನಮ್ಮ ಕಾರ್ಖಾನೆಯ ಬಾಗಿಲೊಳಗೂ ಬಿಡುವುದಿಲ್ಲ. ಇದಕ್ಕೊಂದು ಶಿಸ್ತು ತರಬೇಕು ಎಂದುಕೊಂಡು ಮೆಟ್ಟಿಲಿಳಿದೆ. ಎಲ್ಲ ಶುರುವಾದದ್ದು ಅಲ್ಲಿಂದ.

ಯಂತ್ರ ಖಾಲಿ ಇರಬೇಕು

ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಮೇಲೆ ನಾಲ್ಕು ಗ್ಯಾಸ್ ಒಲೆ, ಕೆಳಗೆ ಕರೆಂಟಿನ ಓವನ್ ಇರುವ ಒಂದು ದೊಡ್ಡ ಸ್ಟವ್ ಮೊದಲೇ ಇತ್ತು. ಒಳ್ಳೆಯ ಓವನ್ನು. ಭಾನುವಾರ ಬೆಳಗ್ಗೆ ನೂರೆಂಬತ್ತು ಡಿಗ್ರಿಗೆ ತಿರುಗಿಸಿ, ಅದು ಬಿಸಿಯಾಗುವಷ್ಟರಲ್ಲಿ ಸೇಬು ಹೆಚ್ಚೋಣವೆಂದು ಕೂತೆ. ಸ್ವಲ್ಪ ಹೊತ್ತಿಗೆ ಟೈರು ಸುಟ್ಟಂಥ ವಾಸನೆ. ಬೀದಿಯಲ್ಲಿ ಯಾವುದೋ ಮಟಾಟು, ಅಂದರೆ ಇಲ್ಲಿನ ಬಾಡಿಗೆ ವ್ಯಾನು, ಕ್ಲಚ್ ಸುಟ್ಟುಕೊಂಡಿರಬೇಕು ಎಂದುಕೊಂಡು ಕಿಟಕಿ ಮುಚ್ಚಿದೆ. ವಾಸನೆ ಹೆಚ್ಚಾಯಿತು.

ಸ್ನಾನಕ್ಕೆ ಹೋಗಿದ್ದ ಹೆಂಡತಿ ತಲೆಗೆ ಟವೆಲ್ ಸುತ್ತಿಕೊಂಡೇ ಓಡಿ ಬಂದಳು. "ರೀ! ಓವನ್ ಹಚ್ಚಿದ್ರಾ?"

"ಓವನ್ ಅಲ್ವೇನೇ? ಹಚ್ಚದೆ ಮತ್ತೇನ್ ಮಾಡ್ಲಿ?"

ಅವಳು ಬಾಗಿಲೆಳೆದಳು. ಒಳಗೆ ಒಂದು ಸಂಸಾರವೇ ಇತ್ತು. ಮೂರು ಬಾಣಲೆ, ದೋಸೆ ಹೆಂಚು, ಇಡ್ಲಿ ತಟ್ಟೆಗಳು, ಜೊತೆಗೆ ಮೈಸೂರಿನಿಂದ ತಂದ ಕುಕ್ಕರಿನ ಹೊಸ ರಬ್ಬರು. ಹೆಂಚಿನ ಹಿಡಿ ಕರಗಿ ಇಡ್ಲಿ ತಟ್ಟೆಯನ್ನು ಅಪ್ಪಿಕೊಂಡಿತ್ತು. ರಬ್ಬರು ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ.

"ಮಿಷಿನ್ ಶುರು ಮಾಡೋಕ್ ಮುಂಚೆ ಒಳಗೆ ಏನೂ ಇಲ್ಲ ಅಂತ ನೋಡ್ಬೇಕು ಅಂತ ಫ್ಯಾಕ್ಟರೀಲಿ ಎಲ್ಲರ ಪ್ರಾಣ ತೆಗೀತೀರಲ್ಲ," ಎಂದಳು. "ಇಲ್ಲಿ ಬಾಗಿಲು ತೆಗೆದು ನೋಡೋಕೆ ಏನಾಗಿತ್ತು?"

"ನಮ್ ಫ್ಯಾಕ್ಟರೀಲಿ ಯಾರೂ ಮಿಷಿನ್ ಒಳಗೆ ಬಾಣಲೆ ಇಡಲ್ಲ ಕಣೇ."

"ಬಾಣಲೆ ಇಡೋ ಜಾಗಕ್ಕೆ ಬೆಂಕಿ ಹಚ್ಚಿದ್ದಲ್ದೆ ಮಾತು ಬೇರೆ!"

ಆಮೇಲೆ ಸ್ವಲ್ಪ ತಣ್ಣಗಾದಳು. ಒಂದು ಕರಾರು ಹಾಕಿದಳು. "ನೋಡಿ, ನೀವು ಮಾಡಿದ್ದನ್ನ ಆ ಹೊತ್ತಿಗೆ ಯಾರ್ ಯಾರ್ ತಿನ್ತಿರ್ತಾರೋ ಅವರೆಲ್ಲ ಎರಡನೇ ಸಲ ಕೇಳಿ ಹಾಕಿಸ್ಕೋಬೇಕು. ಬಾಯಿಬಿಟ್ಟು ಕೇಳ್ಬೇಕು. ಅವತ್ತಿಂದ ಓವನ್ ನಿಮ್ದು. ಅಲ್ಲೀವರ್ಗೂ ಅದು ನನ್ನ ಪಾತ್ರೆಗಳದ್ದು. ಭಾನುವಾರ ಮಾತ್ರ ಖಾಲಿ ಮಾಡ್ಕೊಡ್ತೀನಿ."

ಒಂದು ಓವನ್ನಿಗೆ ಇಷ್ಟೆಲ್ಲವೇ ಎಂದು ನೀವು ಕೇಳಬಹುದು. ಆ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳುವ ಒಂದು ಮೂಲೆಯೂ ನನಗಿರಲಿಲ್ಲ. ಮೇಜು ಮಗಳ ಪುಸ್ತಕಗಳದ್ದು, ಬಾಲ್ಕನಿ ತುಳಸಿ ಮತ್ತು ಮೆಣಸಿನ ಗಿಡಗಳದ್ದು, ಸೋಫಾ ಮಡಿಚದ ಬಟ್ಟೆಗಳದ್ದು. ಆ ಓವನ್ ನನಗೆ ಬೇಕೇ ಬೇಕು ಅನ್ನಿಸಿಬಿಟ್ಟಿತು. ಹೆಂಡತಿಗೂ ಅದು ಗೊತ್ತಾಗಿತ್ತು, ಅದಕ್ಕೇ ಸುಲಭವಾಗಿ ಬಿಟ್ಟುಕೊಡಲಿಲ್ಲ.

ಆ ದಿನ ಮಧ್ಯಾಹ್ನ ಮಗಳು ಸುಟ್ಟ ಹೆಂಚನ್ನು ಎತ್ತಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಸೋ, ವಾಟ್ ಆರ್ ವಿ ಈಟಿಂಗ್, ಅಪ್ಪಾ? ದಿಸ್?"

ಬ್ರೆಡ್ಡಿಗೆ ಪ್ರದಕ್ಷಿಣೆ

ಬ್ರೆಡ್ ಪುಡಿಗೆ ಮೊದಲು ಬ್ರೆಡ್ ಗರಿಯಾಗಿ ಒಣಗಬೇಕು. ಹಸಿ ಪುಡಿ ಬೆಣ್ಣೆ ಕುಡಿದು ಮುದ್ದೆಯಾಗುತ್ತದೆ, ನಮ್ಮ ಮಾತ್ರೆಯ ಪುಡಿಯೂ ಹಾಗೆಯೇ. ಒಣಗಿಸುವುದು ಅಂದ ಕೂಡಲೇ ನಮ್ಮ ಕಡೆಯವರಿಗೆ ಹೊಳೆಯುವುದು ಒಂದೇ, ಸಂಡಿಗೆ ಹಾಕುವ ಕ್ರಮ. ಒಂದು ಬಿಳಿ ಪಂಚೆ ತೆಗೆದುಕೊಂಡು ಕಟ್ಟಡದ ತಾರಸಿಗೆ ಹೋದೆ. ಪಂಚೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು, ಬ್ರೆಡ್ಡಿನ ಹೋಳುಗಳನ್ನು ಒಂದಕ್ಕೊಂದು ತಾಗದಂತೆ ಸಾಲಾಗಿ ಜೋಡಿಸಿದೆ. ಕಾಗೆ ಬಾರದಿರಲಿ ಎಂದು ನಡುವೆ ಒಂದು ಕೋಲು ನಿಲ್ಲಿಸಿ, ಅದರ ತುದಿಗೆ ಕೆಂಪು ಬಟ್ಟೆ ಕಟ್ಟಿದೆ. ಅಸ್ಕಾರಿಗೆ, ಅಂದರೆ ನಮ್ಮ ಕಟ್ಟಡದ ಕಾವಲುಗಾರನಿಗೆ, ಸ್ವಲ್ಪ ನೋಡಿಕೋ ಎಂದು ಹೇಳಿ ಬಂದೆ.

ಸಂಜೆ ಹೋಗಿ ನೋಡುತ್ತೇನೆ, ಪಂಚೆಯ ಮುಂದೆ ಎರಡು ದಾಸವಾಳ, ಒಂದು ಬಾಳೆಹಣ್ಣು. ಒಂದು ಮೂಲೆಯ ಕಲ್ಲಿಗೆ ಕುಂಕುಮ. ಒಂದು ಕಟ್ಟು ಊದುಬತ್ತಿ ಉರಿದು ಬೂದಿಯಾಗಿ ಬಿದ್ದಿತ್ತು. ಬಟ್ಟೆ ಒಣಗಿಸಲು ಬಂದ ಯಾರೋ ಪುಣ್ಯಾತ್ಮರು ಯಾವುದೋ ವ್ರತವಿರಬೇಕು ಎಂದುಕೊಂಡಿದ್ದರು. ಒಬ್ಬರನ್ನು ನೋಡಿ ಇನ್ನೊಬ್ಬರು. ನಾನು ನಿಂತಿದ್ದಾಗಲೇ ಎರಡನೇ ಮಹಡಿಯ ಹೆಂಗಸೊಬ್ಬರು ಬಂದು, ಬ್ರೆಡ್ಡಿಗೆ ಒಂದು ಸುತ್ತು ಹಾಕಿ, ನನಗೂ ಕೈ ಮುಗಿದು ಹೋದರು.

ಅಸ್ಕಾರಿ ಹೆಮ್ಮೆಯಿಂದ ವರದಿ ಒಪ್ಪಿಸಿದ. "ಯಾರನ್ನೂ ಮುಟ್ಟಲು ಬಿಡಲಿಲ್ಲ ಸರ್. ಚಪ್ಪಲಿ ಹಾಕಿಕೊಂಡು ಬಂದವರನ್ನು ವಾಪಸು ಕಳಿಸಿದೆ. ಸವಾ?"

"ಸವಾ," ಎಂದೆ, ಅಂದರೆ ಸರಿ. ಇನ್ನೇನು ಹೇಳಲಿ? ಅಸಾಂಟೆ ಎಂದು ಧನ್ಯವಾದವನ್ನೂ ಹೇಳಿದೆ.

ಬ್ರೆಡ್ ಚೆನ್ನಾಗಿಯೇ ಒಣಗಿತ್ತು, ಬಿಸಾಡಲು ಮನಸ್ಸು ಬರಲಿಲ್ಲ. ಪುಡಿ ಮಾಡಿ, ಜರಡಿ ಹಿಡಿದು, ಬೆಣ್ಣೆಯಲ್ಲಿ ಹುರಿದು, ಪದರ ಹಾಕಿ ಬೇಯಿಸಿದೆ. ಈ ಸಲ ಓವನ್ನಿನ ಬಾಗಿಲು ತೆಗೆದು ನೋಡಿದ್ದೆ. ಬಣ್ಣ ಬಂಗಾರದಂತೆ ಬಂತು. ಮಗಳು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನನಗೆ ಆಸೆ ಹುಟ್ಟಿತು.

"ಅಪ್ಪಾ, ಇಟ್ ಟೇಸ್ಟ್ಸ್ ಲೈಕ್ ಎ ಟೆಂಪಲ್."

ಹೆಂಡತಿ ಅಂಗೈಯಲ್ಲಿ ಹಾಕಿಸಿಕೊಂಡಳು, ಕಣ್ಣಿಗೊತ್ತಿಕೊಂಡು ತಿಂದಳು, ಕೈ ತಲೆಗೆ ಒರೆಸಿಕೊಂಡಳು. ಇನ್ನೊಂದು ಸ್ವಲ್ಪ ಹಾಕಲೇ ಎಂದು ಪಾತ್ರೆ ಹಿಡಿದು ನಿಂತೆ.

"ಛೆ ಛೆ," ಎಂದಳು. "ಪ್ರಸಾದಾನ ಎರಡನೇ ಸಲ ಕೇಳಬಾರದು."

ಪರೀಕ್ಷೆಯಲ್ಲಿದೆ

ನಮ್ಮ ಕಾರ್ಖಾನೆಯಲ್ಲಿ ಮಾಲು ತಯಾರಾದ ಕೂಡಲೇ ಹೊರಗೆ ಹೋಗುವುದಿಲ್ಲ. ಹಳದಿ ಚೀಟಿ ಅಂಟಿಸಿ ಪಕ್ಕಕ್ಕಿಡುತ್ತೇವೆ. ಪರೀಕ್ಷೆಯಾಗಿ ನಾನು ಒಪ್ಪಿದರೆ ಹಸಿರು ಚೀಟಿ. ಮೂರನೇ ಭಾನುವಾರ ಪುಡ್ಡಿಂಗು ತಣ್ಣಗಾಗಲೆಂದು ಮುಚ್ಚಿಟ್ಟು, ಮಗಳು ಬೆರಳು ಹಾಕದಿರಲಿ ಎಂದು ಮುಚ್ಚಳದ ಮೇಲೆ ಹಳದಿ ಕಾಗದದಲ್ಲಿ ಇಂಗ್ಲಿಷಿನಲ್ಲಿ ದಪ್ಪಕ್ಕೆ ಬರೆದೆ: ಪರೀಕ್ಷೆಯಲ್ಲಿದೆ, ಫಲಿತಾಂಶ ಬರುವವರೆಗೆ ಬಳಸಬಾರದು.

ಅವತ್ತು ಇದೇ ಊರಿನ ಕಿಲಿಮಾನಿ ಬಡಾವಣೆಯಿಂದ ಗಂಡ ಹೆಂಡತಿ ಇಬ್ಬರು ಊಟಕ್ಕೆ ಬಂದಿದ್ದರು. ಆತ ಬ್ಯಾಂಕಿನವನು, ಬೆಂಗಳೂರಿನಿಂದ ಬಂದು ಇನ್ನೂ ತಿಂಗಳೂ ಆಗಿರಲಿಲ್ಲ. ಊಟ ಚೆನ್ನಾಗಿ ನಡೆಯಿತು. ಹೆಂಡತಿ ಪುಡ್ಡಿಂಗಿನ ಪಾತ್ರೆಯನ್ನು ಚೀಟಿ ಸಮೇತ ತಂದು ಮೇಜಿನ ನಡುವೆ ಇಟ್ಟು, ಚಮಚ ತರಲು ಒಳಗೆ ಹೋದಳು. ಆ ಹುಡುಗ ಚೀಟಿ ಓದಿದ. ತನ್ನ ಹೆಂಡತಿಗೆ ತೋರಿಸಿದ. ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

"ಸರ್, ನಿಮ್ದು ಮಾತ್ರೆ ಕಂಪನಿ ಅಲ್ವಾ?"

"ಹೌದಪ್ಪಾ."

"ಹೊಸ ಔಷಧ ಕಂಡುಹಿಡಿದ್ರೆ ಮೊದ್ಲು ಯಾರಿಗೆ ಕೊಟ್ಟು ನೋಡ್ತಾರೆ ಸರ್?"

ಇಂಥ ಆಸಕ್ತಿ ಇರುವ ಹುಡುಗರು ಈಗ ಕಡಿಮೆ. ಖುಷಿಯಿಂದ ವಿವರಿಸಿದೆ. "ರೋಗಿಗಳಿಗೆ ಅಲ್ಲಪ್ಪ. ಮೊದ್ಲು ನಿಮ್ಮಂಥ ವಯಸ್ಸಿನ, ಆರೋಗ್ಯವಾಗಿರೋರಿಗೆ ಕೊಡ್ತಾರೆ. ಸ್ವಲ್ಪ ಸ್ವಲ್ಪ ಕೊಟ್ಟು, ಏನೂ ಆಗ್ಲಿಲ್ಲ ಅಂದ್ರೆ ಜಾಸ್ತಿ ಮಾಡ್ತಾರೆ."

ಅಷ್ಟರಲ್ಲಿ ನನ್ನ ಹೆಂಡತಿ ಬಂದು ಇಬ್ಬರಿಗೂ ಬಡಿಸಿದಳು. ಸ್ವಲ್ಪ ಸ್ವಲ್ಪ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಂದೊಂದು ಚಮಚ ನುಂಗಿದರು. ನಾನು ಕುರ್ಚಿ ಹತ್ತಿರಕ್ಕೆಳೆದುಕೊಂಡು ಕೇಳಿದೆ, "ಹೇಗನ್ನಿಸ್ತಿದೆ? ನಾಲಿಗೆ ಮೇಲೆ ಏನಾದ್ರೂ ಗೊತ್ತಾಗ್ತಿದ್ಯಾ? ಸಂಕೋಚ ಬೇಡ, ಏನಾದ್ರೂ ಹೇಳಿ, ಸರಿಪಡಿಸ್ಬಹುದು."

ಆ ಹುಡುಗಿ ಚಮಚ ಕೆಳಗಿಟ್ಟಳು. ಆತ ಫೋನು ತೆಗೆದು ಟ್ಯಾಕ್ಸಿ ಕರೆದ. ಕಾಫಿಗೂ ನಿಲ್ಲಲಿಲ್ಲ. ಎರಡನೇ ಸಲ ಹಾಕಿಸಿಕೊಳ್ಳುವುದು ಎಲ್ಲಿ ಬಂತು? ಹೆಂಡತಿ ಬಾಣಲೆಗಳನ್ನು ಒಂದೊಂದಾಗಿ ಓವನ್ನಿಗೆ ಸೇರಿಸಿದಳು.

ಮರುದಿನ ಬೆಳಗ್ಗೆ ಆತನ ಫೋನು ಬಂತು. "ಸರ್, ಇಬ್ರೂ ಚೆನ್ನಾಗಿದೀವಿ. ರಾತ್ರಿ ನಿದ್ದೆ ಬಂತು, ಹೊಟ್ಟೆ ಕ್ಲಿಯರ್ ಆಗಿದೆ. ರಿಪೋರ್ಟಲ್ಲಿ ಬರ್ಕೊಳಿ ಸರ್. ಆದ್ರೆ ಮುಂದಿನ್ ಡೋಸ್‌ಗೆ ಬೇರೆ ಯಾರ್ನಾದ್ರೂ ನೋಡ್ಕೊಳಿ."

ಹಲ್ಲಿನ ಪರೀಕ್ಷೆ

ಇದು ಚಿಕ್ಕದು. ಕತ್ತರಿಸುವಾಗ ಪದರಗಳು ಬಿಟ್ಟುಕೊಳ್ಳುತ್ತಿದ್ದವು. ಎರಡು ಪದರದ ಮಾತ್ರೆಯಲ್ಲೂ ಈ ದೋಷ ಬರುತ್ತದೆ, ಅದಕ್ಕೆ ಒತ್ತಡ ಹೆಚ್ಚಿಸುವುದೇ ಮದ್ದು. ನಾನು ಪುಡ್ಡಿಂಗಿನ ಮೇಲೆ ಒಂದು ತಟ್ಟೆ ಇಟ್ಟು, ತಟ್ಟೆಯ ಮೇಲೆ ನೀರು ತುಂಬಿದ ದೊಡ್ಡ ಕುಕ್ಕರನ್ನು ಕೂರಿಸಿ, ಕುಕ್ಕರಿನ ಮೇಲೆ ಒರಳಿನ ಗುಂಡು ಇಟ್ಟು ಒಂದು ಹೊತ್ತು ಬಿಟ್ಟೆ. ಆಮೇಲೆ ಬೇಯಿಸಿದೆ.

ಪದರ ಬಿಡಲಿಲ್ಲ. ಚಾಕುವೂ ಇಳಿಯಲಿಲ್ಲ. ಅದೇ ಗುಂಡಿನಿಂದ ಕುಟ್ಟಿ ತುಂಡು ಮಾಡಿದೆ, ಹೆಂಡತಿ ಒಂದನ್ನು ಕಚ್ಚಿ ನೋಡಿದಳು. ನೈರೋಬಿ ಇಷ್ಟು ಎತ್ತರದಲ್ಲಿದೆ, ಇಲ್ಲಿನ ಗಾಳಿ ತೆಳು, ನೀರು ಬೇಗ ಆವಿಯಾಗುತ್ತದೆ, ಅದಕ್ಕೇ ಗಟ್ಟಿಯಾಗಿದೆ ಎಂದು ವಿವರಿಸಿದೆ.

"ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು ಹೆಂಡತಿ.

ಹಟಕ್ಕೆ ಬಿದ್ದು ಒಂದು ತುಂಡನ್ನು ಎದೆಯೆತ್ತರದಿಂದ ನೆಲಕ್ಕೆ ಬಿಟ್ಟೆ. ಮಾತ್ರೆಯನ್ನೂ ಹೀಗೆ ಬೀಳಿಸಿ ಒಡೆಯುತ್ತದೆಯೇ ಎಂದು ನೋಡುತ್ತೇವೆ. ತುಂಡು ಠಣ್ಣನೆ ಬಿದ್ದು ಉರುಳಿತು. ಒಂದು ಚೂರೂ ಉದುರಲಿಲ್ಲ.

"ನೋಡಿದ್ರಾ, ಪಾಸು," ಎಂದೆ.

"ಪುಡ್ಡಿಂಗ್ ಪಾಸು," ಎಂದಳು ಹೆಂಡತಿ, ದವಡೆ ಹಿಡಿದುಕೊಂಡು. "ಹಲ್ಲು ಫೇಲು."

ಕೊನೆಯ ಭಾನುವಾರ

ದೀಪಾವಳಿ ಹತ್ತಿರ ಬಂತು. "ಚಕ್ಲಿ ಕರಿಯೋದಿದೆ, ಪ್ರತಿ ವಾರ ನಿಮ್ಗೋಸ್ಕರ ಪಾತ್ರೆ ಹೊರಗೆ ಹಾಕಿ ಒಳಗೆ ತುಂಬೋಕಾಗಲ್ಲ," ಎಂದು ಹೆಂಡತಿ ಗಡುವು ಕೊಟ್ಟಳು. "ಈ ಭಾನುವಾರ ಕೊನೆ. ಆಗ್ಲಿಲ್ಲ ಅಂದ್ರೆ ಓವನ್ ಮಾತು ಇನ್ಯಾವತ್ತೂ ಎತ್ತಬಾರದು."

ನನಗೆ ನಿಜಕ್ಕೂ ಭಯವಾಗಿತ್ತು. ಕಾರ್ಖಾನೆಗೆ ತಪಾಸಣೆಗೆ ಅಧಿಕಾರಿಗಳು ಬಂದಾಗಲೂ ನಾನು ಹಾಗೆ ಹೆದರಿದವನಲ್ಲ. ಈ ಸಲ ಬ್ರೆಡ್ಡನ್ನು ಮನೆಯೊಳಗೇ ಒಣಗಿಸಿದೆ, ಚೀಟಿ ಅಂಟಿಸಲಿಲ್ಲ, ಒತ್ತಲಿಲ್ಲ, ಬೀಳಿಸಲಿಲ್ಲ. ಓವನ್ ಖಾಲಿ ಇದೆಯೆಂದು ಎರಡು ಸಲ ನೋಡಿದೆ. ಪದರ ಹಾಕಿ ಒಳಗಿಟ್ಟೆ. ಘಮ ಬರತೊಡಗಿತು. ಮಗಳು ಕೋಣೆಯಿಂದ ತಾನಾಗಿಯೇ ಬಂದು ಮೂಗರಳಿಸಿದಳು. ಇನ್ನೇನು ಮೇಲ್ಗಡೆ ಬಣ್ಣ ತಿರುಗಬೇಕು, ಓವನ್ನಿನ ದೀಪ ಆರಿತು. ಮನೆಯ ಫ್ಯಾನೂ ನಿಂತಿತು.

ಇಲ್ಲಿ ಕರೆಂಟಿಗೆ ಮೊದಲೇ ದುಡ್ಡು ಕಟ್ಟಿ, ಫೋನಿಗೆ ಬರುವ ಉದ್ದನೆಯ ನಂಬರನ್ನು ಮೀಟರಿಗೆ ಒತ್ತಬೇಕು. ಅದಕ್ಕೆ ಟೋಕನ್ ಎನ್ನುತ್ತಾರೆ. ನನ್ನ ಓವನ್ನು ಟೋಕನ್ನನ್ನೆಲ್ಲ ತಿಂದು ಮುಗಿಸಿತ್ತು. ಫೋನಿನಲ್ಲಿ ದುಡ್ಡು ಕಟ್ಟಿದೆ. ನಂಬರು ಬರಲಿಲ್ಲ. ಕಾದೆ. ಮತ್ತೆ ನೋಡಿದೆ. ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹೆಂಡತಿ ನೆಲದ ಮೇಲಿದ್ದ ಬಾಣಲೆಗಳ ಕಡೆ ನೋಡಿದಳು. ನಾನು ಅರೆಬೆಂದ ಪುಡ್ಡಿಂಗನ್ನು ಬಟ್ಟೆಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಾ ಮನೆಯ ಬಾಗಿಲು ಬಡಿದೆ. ಏನು ತೀರ್ಪು ಬರುತ್ತದೋ ನೋಡಲು ಹೆಂಡತಿ ಮಗಳೂ ಹಿಂದೆಯೇ ಬಂದರು.

"ಬಾ, ನಿಮ್ಮ ಓವನ್ ಸ್ವಲ್ಪ ಕೊಡಿ. ತುಂಬ ಅರ್ಜೆಂಟು."

"ಓವನ್ನಾ?" ಎಂದರು ಬಾ. ನನ್ನನ್ನು ಒಳಗೆ ಕರೆದುಕೊಂಡು ಹೋಗಿ ತಮ್ಮ ಓವನ್ನಿನ ಬಾಗಿಲೆಳೆದರು. ಒಳಗೆ ಚಪಾತಿ ತವಾ, ಸಣ್ಣ ಬಾಣಲೆ, ದೊಡ್ಡ ಬಾಣಲೆ, ಖಾಖ್ರಾ ಡಬ್ಬಿ, ಹಳೆಯ ಇಸ್ತ್ರಿಪೆಟ್ಟಿಗೆ. ಎಲ್ಲ ನೀಟಾಗಿ ಜೋಡಿಸಿದ್ದರು. ಆ ಓವನ್ನಿಗೆ ಹುಟ್ಟಿದಾಗಿನಿಂದ ಬಿಸಿಯೆಂದರೆ ಏನೆಂದೇ ಗೊತ್ತಿರಲಿಲ್ಲ.

"ಮತ್ತೆ ಅವತ್ತು ಆ ಪುಡ್ಡಿಂಗ್ ಹೇಗೆ ಬೇಯಿಸಿದಿರಿ?"

ಬಾ ನನ್ನನ್ನು ಕನಿಕರದಿಂದ ನೋಡಿದರು. "ಬಾಣಲೆಯಲ್ಲಿ. ಮುಚ್ಚಳ ಹಾಕಿ, ಸಣ್ಣ ಉರಿಯಲ್ಲಿ. ಓವನ್ನಿನಲ್ಲಿ ಪಾತ್ರೆ ಇರುತ್ತಲ್ಲ ಬೇಟಾ, ಅದರಲ್ಲಿ ಹೇಗೆ ಬೇಯಿಸಲು ಬರುತ್ತೆ?"

ನನ್ನ ಹೆಂಡತಿ ಗೋಡೆಗೆ ಒರಗಿಕೊಂಡು ನಕ್ಕಳು. ನಗು ತಡೆಯಲಾರದೆ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಮಗಳು ಫೋನಿನಲ್ಲಿ ನನ್ನ ಮುಖದ ಫೋಟೋ ತೆಗೆದಳು.

ಬಾ ದಪ್ಪ ತಳದ ಬಾಣಲೆಯನ್ನು ಓವನ್ನಿನಿಂದ ಹೊರಗೆಳೆದು, ತುಪ್ಪ ಸವರಿ, ನನ್ನ ಪುಡ್ಡಿಂಗನ್ನು ಅದಕ್ಕೆ ಜಾರಿಸಿ, ಮುಚ್ಚಳ ಹಾಕಿ ಗ್ಯಾಸಿನ ಮೇಲಿಟ್ಟರು. ಎಷ್ಟು ಹೊತ್ತು ಎಂದು ನಾನು ಕೇಳಲಿಲ್ಲ. ಕೆಂಪಗಾದ ಮೇಲೆ ಇಳಿಸಿ ಅಲ್ಲೇ ಎಲ್ಲರಿಗೂ ಹಾಕಿದರು. ಕೆಳಗೆ ಗರಿಗರಿ, ನಡುವೆ ಮೆತ್ತಗೆ, ಸೇಬು ಕರಗಿ ಪಾಕವಾಗಿತ್ತು. ಬಟ್ಟಲುಗಳು ಖಾಲಿಯಾದವು.

"ಕ್ಯಾನ್ ಐ ಹ್ಯಾವ್ ಸಮ್ ಮೋರ್?" ಎಂದಳು ಮಗಳು.

"ನನಗೂ ಸ್ವಲ್ಪ ಹಾಕು ಬೇಟಾ," ಎಂದರು ಬಾ.

ನಾನು ಹೆಂಡತಿಯನ್ನೇ ನೋಡುತ್ತಿದ್ದೆ. ಅವಳು ಬಟ್ಟಲನ್ನು ಬೆರಳಿನಿಂದ ಬಳಿದಳು. ಅತ್ತ ನೋಡಿದಳು, ಇತ್ತ ನೋಡಿದಳು. ಕೊನೆಗೆ ಬಟ್ಟಲು ಮುಂದೆ ಚಾಚಿದಳು.

"ಬಾಯಿಬಿಟ್ಟು ಕೇಳ್ಬೇಕು," ಎಂದೆ.

"ಹಾಕ್ರೀ ಇನ್ನೊಂದ್ ಸ್ವಲ್ಪ!"

ಗೆದ್ದೆ. ಬಾ ಸಾಕ್ಷಿಯಾಗಿ ಗೆದ್ದೆ. ಅಷ್ಟು ಸಂತೋಷ ನನಗೆ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ. ಹೆಂಡತಿ ಮಾತಿಗೆ ತಪ್ಪುವವಳಲ್ಲ. "ಆಯ್ತು, ಓವನ್ ನಿಮ್ದೇ," ಎಂದಳು. "ಈಗ ಅದ್ರಲ್ಲಿ ಏನ್ ಮಾಡ್ತೀರಾ?"

ಇದನ್ನು ನಾನು ಯೋಚಿಸಿರಲಿಲ್ಲ. ಬಾ ಆ ದಪ್ಪ ತಳದ ಬಾಣಲೆಯನ್ನು ನನಗೇ ಕೊಟ್ಟುಬಿಟ್ಟರು. ಪುಡ್ಡಿಂಗಿಗೆ ಅದೇ ಆಗಬೇಕು, ಬೇರೆಯದರಲ್ಲಿ ತಳ ಹಿಡಿಯುತ್ತದೆ. ಮನೆಗೆ ತಂದು, ತೊಳೆದು, ಒರೆಸಿ, ಎಲ್ಲಿಡುವುದೆಂದು ಅಡುಗೆಮನೆಯೆಲ್ಲ ಹುಡುಕಿದೆ. ಅಷ್ಟು ದೊಡ್ಡ ಪಾತ್ರೆಗೆ ಇದ್ದದ್ದು ಒಂದೇ ಜಾಗ.

ಈಗ ಓವನ್ ನನ್ನದು. ಒಳಗೆ ನನ್ನ ಬಾಣಲೆ ಇದೆ. ಹೆಂಡತಿ ತನ್ನ ಪಾತ್ರೆಗಳನ್ನು ಅದರಲ್ಲಿಡಬೇಕಾದರೆ ನನ್ನ ಅನುಮತಿ ಕೇಳಬೇಕೆಂದು ಕಟ್ಟುನಿಟ್ಟು ಮಾಡಿದ್ದೇನೆ. ಅವಳು ತಪ್ಪದೆ ಕೇಳುತ್ತಾಳೆ, ಇಟ್ಟಾದ ಮೇಲೆ.